ರೈಹಾನಾಳ ಉಮ್ಮ ಪ್ರಶ್ನೆ ಓದಿದ ಶನಿವಾರ

ಸತ್ತುಹೋದ ಗೆಳತಿಯ ಜೊತೆ ನನ್ನ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಭಕ್ತ ಬಾಂಧವರೇ, ಇದನ್ನು ಬರೆಯಲು ಈಗಲೂ ಹೆದರಿಕೆ. ಆದರೂ ಸ್ವಾಮಿ ಸುಬ್ರಹ್ಮಣ್ಯ ನಡೆಸಿಕೊಟ್ಟದ್ದನ್ನು ಹೇಳದೆ ಇರಲಾರೆ.

ನಾನು ಪುತ್ತೂರಿನ ದರ್ಬೆಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಗಳು ದೀಕ್ಷಾ ಕಳೆದ ವರ್ಷ ಹತ್ತನೇ ತರಗತಿಯಲ್ಲಿದ್ದಳು. ಅವಳ ಗೆಳತಿ ರೈಹಾನಾ ಕೆದಂಬಾಡಿಯವಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ನಮ್ಮ ಜಗಲಿಯಲ್ಲಿ ಕೂತು ವಿಜ್ಞಾನದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದರು. ರೈಹಾನಾ ಪ್ರಶ್ನೆ ಓದುವುದು, ದೀಕ್ಷಾ ಉತ್ತರ ಹೇಳುವುದು. ತಪ್ಪಿದರೆ ರೈಹಾನಾ, "ಹೋಯ್ತು ಮಾರಾಯ್ತಿ, ನಿನ್ನ ಮಾರ್ಕು!" ಎಂದು ನಗುತ್ತಿದ್ದಳು.

ಆಗಸ್ಟಿನಲ್ಲಿ ಆ ಹುಡುಗಿಗೆ ಡೆಂಗ್ಯೂ ಬಂತು. ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಉಳಿಯಲಿಲ್ಲ.

ದೀಕ್ಷಾ ಅಳಲಿಲ್ಲ. ಮುಂದಿನ ಶನಿವಾರ ಎಂದಿನಂತೆ ಚಾಪೆ ಹಾಸಿ, ಎದುರಿನ ಜಾಗ ಖಾಲಿ ಬಿಟ್ಟು, ಪ್ರಶ್ನೆಪತ್ರಿಕೆಯನ್ನು ಆ ಕಡೆಗೆ ತಿರುಗಿಸಿಟ್ಟು ಕೂತಳು. ಸ್ವಲ್ಪ ಹೊತ್ತು ಕಿವಿಗೊಟ್ಟಂತಿದ್ದು, ಆಮೇಲೆ ಮೆಲ್ಲಗೆ ಉತ್ತರ ಹೇಳತೊಡಗಿದಳು.

"ಎಂತ ಮಾಡುದು ನೀನು?" ಎಂದೆ.

"ಅವಳು ಓದ್ತಾ ಇದ್ದಾಳಲ್ಲ ಅಮ್ಮ, ನಿಂಗೆ ಕೇಳುದಿಲ್ವಾ?"

ಶಾಲೆಯಲ್ಲಿ ಯಾರೊಂದಿಗೂ ಮಾತಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಖಾಲಿ ಪೇಪರ್ ಕೊಟ್ಟು ಬಂದಳು. "ಅಲ್ಲಿ ಪ್ರಶ್ನೆ ಓದುವವರು ಯಾರೂ ಇರ್ಲಿಲ್ಲ" ಎಂದಳು. ಡಾಕ್ಟರು, ದುಃಖ ಒಳಗೇ ನಿಂತಿದೆ, ಸಮಯ ಬೇಕು ಎಂದರು. ಒಂದು ಶನಿವಾರ ನಾನು ಅಡುಗೆಮನೆಯ ನೆಲ ಒರೆಸುತ್ತಿದ್ದಾಗ ಜಗಲಿಯಿಂದ ನಗು ಕೇಳಿತು. ದೀಕ್ಷಾಳದ್ದಲ್ಲ. ಹೊರಗೆ ಹೋಗಿ ನೋಡುವ ಧೈರ್ಯ ಬರಲಿಲ್ಲ. ಒದ್ದೆ ಬಟ್ಟೆ ಹಿಡಿದು ಅಲ್ಲೇ ಕೂತುಬಿಟ್ಟೆ.

ಮರುದಿನ ಬಸ್ಸು ಹತ್ತಿ, ರಾಮಕುಂಜದ ಹತ್ತಿರ ನನ್ನ ತವರಿನ ನಾಗನ ಕಟ್ಟೆಗೆ ಹೋಗಿ, ನಾಗರೂಪಿ ಸುಬ್ರಹ್ಮಣ್ಯನಿಗೆ ಹಾಲೆರೆದೆ. "ಸ್ವಾಮೀ, ಆ ಮಗುವನ್ನು ನನ್ನ ಮನೆಯಿಂದ ಕಳಿಸಿಬಿಡು" ಎಂದು ಬೇಡಿಕೊಂಡೆ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅತ್ತ ನೋಡಲೂ ಹೆದರಿಕೆ.

ಮುಂದಿನ ಶನಿವಾರ ನಮ್ಮ ಅಂಗಳದಲ್ಲಿ ರೈಹಾನಾಳ ತಾಯಿ ಝೊಹರಾ ನಿಂತಿದ್ದರು. ರೈಹಾನಾಳಂತೆ ದೀಕ್ಷಾಳೂ ಅವರನ್ನು ಉಮ್ಮ ಎಂದೇ ಕರೆಯುವುದು. ನಾನು ಶಾಲೆಯ ಟೀಚರ್ ಹತ್ತಿರ ಹೇಳಿಕೊಂಡದ್ದೆಲ್ಲ ಅವರಿಗೆ ಗೊತ್ತಾಗಿತ್ತು. ಬೈಯಲು ಬಂದರೋ ಎಂದುಕೊಂಡೆ.

"ಅಕ್ಕ, ಅವಳ ಸ್ವರ ಇಲ್ಲಿ ಕೇಳ್ತದಂತೆ, ಹೌದಾ?" ಎಂದರು. "ನಮ್ಮಲ್ಲಿ ಕೇಳುದೇ ಇಲ್ಲ. ನಾನು ಸ್ವಲ್ಪ ಹೊತ್ತು ಕೂತುಕೊಳ್ಳಬಹುದಾ?"

ಚಾಪೆಯ ಆ ಖಾಲಿ ಜಾಗದಲ್ಲೇ ಕೂತರು. ದೀಕ್ಷಾ ಬೇಡವೆನ್ನಲಿಲ್ಲ. ಮೂವರೂ ಕಾದೆವು. ರಸ್ತೆಯಲ್ಲಿ ಬಸ್ಸುಗಳು ಹೋದವು. ಬೇರೇನೂ ಕೇಳಲಿಲ್ಲ.

"ಇವತ್ತು ಬರ್ಲಿಲ್ಲ ಉಮ್ಮ" ಎಂದಳು ದೀಕ್ಷಾ.

ಝೊಹರಾ ಪ್ರಶ್ನೆಪತ್ರಿಕೆ ಎತ್ತಿಕೊಂಡರು. ಬೇಗನೆ ಶಾಲೆ ಬಿಟ್ಟವರು. ಅಕ್ಷರದ ಮೇಲೆ ಬೆರಳಿಟ್ಟು ತಡವರಿಸಿದರು. "ಮೆ... ಮೆಗ್ನಿ... ಇದೆಂತ ಮಗಾ?"

"ಮೆಗ್ನೀಸಿಯಂ."

"ಹಾಂ. ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವ ಮೊದಲು ಉಜ್ಜುವುದು ಏಕೆ?"

"ಗಾಳಿ ತಾಗಿ ಅದರ ಮೇಲೆ ಒಂದು ಪದರ ಕಟ್ಟಿರ್ತದೆ. ಅದು ಹೋಗದಿದ್ರೆ..." ಅವಳು ಝೊಹರಾರ ಬೆರಳನ್ನೇ ನೋಡಿದಳು. "ಅದು ಹೋಗದಿದ್ರೆ ಸರಿ ಉರಿಯುದಿಲ್ಲ ಉಮ್ಮ."

ಅಷ್ಟು ಹೇಳಿ ಝೊಹರಾರ ಮಡಿಲಿಗೆ ಬಿದ್ದು, ಆಗಸ್ಟಿನಿಂದ ಅಳದೆ ಉಳಿದದ್ದನ್ನೆಲ್ಲ ಅತ್ತಳು. ಅವಳ ತಲೆ ಸವರುತ್ತಾ ಝೊಹರಾ ಕೂಡ ಅತ್ತರು.

ಪರೀಕ್ಷೆ ಮುಗಿಯುವವರೆಗೆ ಅವರು ಶನಿವಾರ ತಪ್ಪಿಸಲಿಲ್ಲ. ದೀಕ್ಷಾ ತಾನೇ ಪ್ರಶ್ನೆ ಓದಿಕೊಂಡು ಬರೆದಳು, ಒಳ್ಳೆಯ ಅಂಕದಲ್ಲಿ ಪಾಸಾದಳು. ಫಲಿತಾಂಶ ಬಂದ ಕೂಡಲೇ ಮೊದಲ ಫೋನು ಹೋದದ್ದು ಕೆದಂಬಾಡಿಗೆ.

ಜಗಲಿಯಲ್ಲಿ ಆ ನಗು ಮತ್ತೆ ಕೇಳಿಲ್ಲ. ಕೆಲವು ಮಧ್ಯಾಹ್ನ ಹೊಲಿಗೆ ಮಿಷಿನ್ ನಿಲ್ಲಿಸಿ ನಾನೇ ಕಿವಿಗೊಡುವುದುಂಟು. ಏನು ಬೇಡಬೇಕೆಂದು ಸಹ ನನಗೆ ಆಗ ತಿಳಿದಿರಲಿಲ್ಲ, ಬಂಧುಗಳೇ. ಮಗುವನ್ನು ಕಳಿಸಿಬಿಡು ಎಂದಿದ್ದೆ. ಸ್ವಾಮಿ ಅವಳ ತಾಯಿಯನ್ನು ನನ್ನ ಮನೆಗೆ ಕಳಿಸಿದ. ಈಗ ಸಂಜೆ ದೀಪ ಹಚ್ಚಿ ಕೈಮುಗಿಯುವಾಗ ದೀಕ್ಷಾಳ ಹೆಸರಿನ ಜೊತೆ ರೈಹಾನಾಳ ಹೆಸರನ್ನೂ ಹೇಳುತ್ತೇನೆ.