ಹಲ್ಲಿಗೆ ಸಿಕ್ಕ ಪರವಾನಗಿ

ಗೆರ್ಲಿಂಡೆ ಮೂವತ್ತೊಂದು ವರ್ಷ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶದ ಜನರಿಗೆ ಹಲ್ಲು ಕಟ್ಟಿದವಳು. ಬೆಳಗಾಗೆದ್ದು ಆಸ್ಟ್ರಿಯಾದ ಫೆಲ್ಡ್‌ಕಿರ್ಖ್‌ನಿಂದ ಬಸ್ಸು ಹತ್ತಿ, ಗಡಿ ದಾಟಿ, ಅಲ್ಲಿನ ಒಂದು ಹಳ್ಳಿಯ ಹಲ್ಲಿನ ಲ್ಯಾಬಿನಲ್ಲಿ ಕೂತರೆ ಸಂಜೆಯವರೆಗೂ ಅದೇ ಕೆಲಸ. ಅಲ್ಲಿಂದ ನೇರ ಊರಿನ ಬ್ಯಾಂಡಿಗೆ. ಕಹಳೆ ಊದುವುದರಲ್ಲಿ ಅವಳನ್ನು ಮೀರಿಸುವವರು ಆ ಹಳ್ಳಿಯಲ್ಲಿ ಇರಲಿಲ್ಲ. ಮದುವೆಗೂ ಅವಳೇ, ಮಣ್ಣಿಗೂ ಅವಳೇ. ಮಲಗುವುದಕ್ಕೆ ಮಾತ್ರ ಗಡಿಯಾಚೆ ಹೋಗಬೇಕಿತ್ತು.

ಲಿಕ್ಟನ್‌ಸ್ಟೈನಿನಲ್ಲಿ ನೆಲೆಸಲು ಹೊರದೇಶದವರಿಗೆ ಪರವಾನಗಿ ಬೇಕು. ಅವಳಂಥವರಿಗೆ ಅದು ಬರುವುದು ಲಾಟರಿಯಲ್ಲಿ. ಹೌದು, ಲಾಟರಿಯಲ್ಲೇ! ಒಬ್ಬಳು ತನ್ನ ಆಯಸ್ಸನ್ನೇ ಒಂದು ಊರಿಗೆ ಸವೆಸಿರಲಿ, ಇನ್ನೊಬ್ಬ ಆ ಊರಿನ ಮುಖವನ್ನೇ ನೋಡದಿರಲಿ, ಡಬ್ಬಿಯೊಳಗೆ ಇಬ್ಬರ ಚೀಟಿಗೂ ಒಂದೇ ತೂಕ. ಇದನ್ನು ನ್ಯಾಯ ಎಂದು ಕರೆಯಲು ಎಂಥ ನಾಲಗೆ ಬೇಕೋ!

ಲ್ಯಾಬಿನ ಗೆಳತಿ ತೆರೇಸ್ ತನ್ನ ಮನೆಯ ಅಟ್ಟದ ಕೋಣೆಯನ್ನು ಇವಳಿಗೆಂದೇ ಖಾಲಿ ಇಟ್ಟಿದ್ದಳು. ಆಗಸ್ಟ್ ಕೊನೆಗೆ ಗೆರ್ಲಿಂಡೆಗೆ ನಿವೃತ್ತಿ. ಆಮೇಲೆ ಆ ಊರಿನಲ್ಲಿ ಅವಳು ಬರೀ ಬಂದುಹೋಗುವ ನೆಂಟಳು. ಹಾಗಾಗಿ ಈ ವಸಂತದ ಚೀಟಿಯೇ ಕೊನೆಯದು ಎಂದು ತೀರ್ಮಾನಿಸಿದ್ದಳು. ಅದು ಇಪ್ಪತ್ತೊಂದನೆಯದು.

"ಈ ಸಲಾನೂ ಇಲ್ವೇನೇ?" ಕಾಗದ ಬಂದ ದಿನ ತೆರೇಸ್ ಕೇಳಿದಳು.

"ಇಲ್ಲ ಕಣೇ. ಯಾವ ಪುಣ್ಯಾತ್ಮನಿಗೆ ಬಂತೋ."

"ಕೋಣೆ ಹಾಗೇ ಇರುತ್ತೆ, ಬಿಡು."

"ಇಟ್ಕೊಂಡು ಏನ್ ಮಾಡ್ತೀಯಾ? ಬಾಡಿಗೆಗೆ ಕೊಡೇ."

ಆಗಸ್ಟ್ ಹದಿನೈದು ಆ ದೇಶದ ರಾಷ್ಟ್ರೀಯ ಹಬ್ಬ. ಅದರ ಮುನ್ನಾದಿನ ಹಳ್ಳಿಯ ಸಭಾಂಗಣದ ಮುಂದೆ ಬೆಂಚು ಹಾಕಿದ್ದರು. ಬಿಯರು, ಚೀಸ್ ಕರಗಿಸಿದ ಹಿಟ್ಟಿನ ಉಂಡೆ, ಪಕ್ಕಕ್ಕೆ ಸೇಬಿನ ಗೊಜ್ಜು. ಗೆರ್ಲಿಂಡೆ ಬ್ಯಾಂಡಿನ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಳ್ಳಿಯ ಅಧ್ಯಕ್ಷ ಎಂಗೆಲ್ಬರ್ಟ್, ಒಂದು ಕಾಲಕ್ಕೆ ಅದೇ ಬ್ಯಾಂಡಿನಲ್ಲಿ ಡೋಲು ಬಡಿದವನು, ಭಾಷಣಕ್ಕೆ ನಿಂತ.

"ನಾವಿರೋದೇ ನಲವತ್ತು ಸಾವಿರ ಜನ. ಆದ್ರೆ ನಮ್ಮಲ್ಲಿ ಕೆಲಸಗಳು ಅದಕ್ಕಿಂತ ಜಾಸ್ತಿ! ಪ್ರಪಂಚದಲ್ಲಿ ಎಲ್ಲಿದೆ ಹೇಳಿ ಇಂಥ ದೇಶ?"

ಜನ ಚಪ್ಪಾಳೆ ತಟ್ಟಿದರು. ಗೆರ್ಲಿಂಡೆಗೆ ಮೈಯೆಲ್ಲ ಉರಿಯಿತು. ಹಸುಗೂಸು, ಹಣ್ಣುಮುದುಕರೆಲ್ಲ ಸೇರಿ ನಲವತ್ತು ಸಾವಿರ. ಮಿಕ್ಕ ಕೆಲಸವನ್ನು ದೆವ್ವಗಳು ಬಂದು ಮಾಡಿ ಹೋಗುತ್ತವೆಯೇ? ಬೆಳಿಗ್ಗೆ ಗಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ಸಾಲು ನಿಲ್ಲುವ ಕಾರುಗಳಲ್ಲಿ ಇರುವವರು ಯಾರು?

ಭಾಷಣ ಮುಗಿಸಿ ಎಂಗೆಲ್ಬರ್ಟ್ ಅವಳ ಬಳಿಗೇ ಬಂದು ಹೆಗಲು ತಟ್ಟಿದ. "ಬೇಜಾರು ಮಾಡ್ಕೋಬೇಡ ಗೆರ್ಲಿಂಡೆ. ಚೀಟಿ ವಿಷಯ ಗೊತ್ತಾಯ್ತು. ಏನ್ ಮಾಡೋದು, ಚಿಕ್ಕ ದೇಶ. ಜಾಗ ಇಲ್ಲ."

ಹೇಳಿ ಸಮಾಧಾನದ ನಗೆ ನಕ್ಕ. ಆ ನಗೆಯಲ್ಲಿ ಕಂಡದ್ದು ಅವಳದೇ ಕೈಕೆಲಸ. ಮೇಲುಸಾಲಿನ ನಾಲ್ಕು ಹಲ್ಲು. ಹೊಗೆ ಕುಡಿದು ಹಳದಿಯಾದ ಅವನ ಉಳಿದ ಹಲ್ಲಿಗೆ ಬಣ್ಣ ಹೊಂದಿಸಲು ಅವಳು ಮೂರು ದಿನ ಒದ್ದಾಡಿದ್ದಳು.

"ಎಂಗೆಲ್ಬರ್ಟ್, ಬಾಯಿ ತೆಗಿ."

"ಏನು?"

"ಬಾಯಿ ತೆಗಿಯಪ್ಪಾ ಅಂದೆ. ಆ ನಾಲ್ಕು ಹಲ್ಲು ಮಾಡಿದ್ದು ಯಾರು?"

"ನೀನೇ. ಅದಕ್ಕೇನೀಗ?"

"ಅವು ಹನ್ನೆರಡು ವರ್ಷದಿಂದ ಇಲ್ಲೇ ಮಲಗ್ತವೆ, ಇಲ್ಲೇ ಏಳ್ತವೆ. ಅವಕ್ಕೆ ಯಾವ ಚೀಟಿ ಎತ್ತಿದ್ದೆ? ನಾನು ಮಾಡಿದ ಹಲ್ಲಿಗೆ ಜಾಗ ಇದೆ, ನನಗಿಲ್ವಾ? ಅದನ್ನ ಅದೇ ಹಲ್ಲು ಬಿಟ್ಕೊಂಡು ನನಗೇ ಹೇಳ್ತೀಯಲ್ಲ, ನಾಚಿಕೆ ಆಗಲ್ವಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮರುಕ್ಷಣವೇ ನಗು ನಿಂತಿತು. ಆ ಬೆಂಚಿನಲ್ಲೂ ಅವಳ ಕೈಯ ಹಲ್ಲುಗಳಿದ್ದವು.

ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತರು. ಗೆರ್ಲಿಂಡೆ ಕಹಳೆ ಎತ್ತಿ, ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಊದದಷ್ಟು ಜೋರಾಗಿ ಊದಿದಳು. ಪ್ರತಿ ವರ್ಷ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವ ಎಂಗೆಲ್ಬರ್ಟ್ ಈ ಸಲ ತುಟಿ ಬಿಗಿದು ನಿಂತಿದ್ದ. ಹಾಡು ಮುಗಿಯುವವರೆಗೂ ಅವನು ಬಾಯಿ ತೆರೆಯಲಿಲ್ಲ.