ಬಾಗಿಲು ಹಾಕಿಕೊಂಡು ನಡೆಯುತ್ತಿದ್ದ ಅಜ್ಜಿ

ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿದ ಹರಳೆಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ ನಿವೃತ್ತ ಕಂಡಕ್ಟರ್ ಒಬ್ಬರ ಮನೆಗೆ ಹೋಗಿದ್ದೆ, ಮಂಡಿ ಆಪರೇಷನ್ ಆದ ಮೇಲಿನ ವ್ಯಾಯಾಮ ಮಾಡಿಸಲು. ಹೊಸ್ತಿಲು ದಾಟುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು. ಹೊಲಿಗೆಯ ಹತ್ತಿರ ಎಣ್ಣೆ ಸೋಕಿಸಬೇಡಿ ಎಂದು ನಾನು ಹೇಳಿರುತ್ತೇನೆ, ಇವರು ತಪ್ಪದೆ ಸೋಕಿಸಿರುತ್ತಾರೆ. ಬೈಯಲು ಬಾಯಿ ತೆರೆದವಳು ಹಾಗೇ ಸುಮ್ಮನಾದೆ. ಹರವೆಯ ಅಜ್ಜಿ ನೆನಪಾದಳು...

ನನ್ನದು ಮನೆಮನೆಗೆ ಹೋಗಿ ವಯಸ್ಸಾದವರಿಗೆ ಫಿಸಿಯೋಥೆರಪಿ ಮಾಡುವ ಕೆಲಸ. ಆಗ ಓದು ಮುಗಿಸಿ ವರ್ಷವೂ ಆಗಿರಲಿಲ್ಲ. ಚಾಮರಾಜನಗರದಲ್ಲಿ ಅಪ್ಪನ ಮನೆಯಲ್ಲಿದ್ದೆ, ಹರವೆಯಂಥ ಸುತ್ತಲ ಹಳ್ಳಿಗಳಿಗೆ ಅಲ್ಲಿಂದಲೇ ಹೋಗುತ್ತಿದ್ದೆ. ಸ್ಕೂಟರ್ ಸೀಟಿನ ಕೆಳಗೆ ಎಳೆಯುವ ರಬ್ಬರ್ ಪಟ್ಟಿ, ಹಿಚುಕುವ ಮೆತ್ತನೆ ಚೆಂಡು. ತಲೆಯ ತುಂಬ ನನಗೆ ಎಲ್ಲ ಗೊತ್ತು ಎಂಬ ಜಂಬ. ನನ್ನ ಬಾಯಿ ಈಗಲೂ ಜೋರೇ. ಆಗ ಅದಕ್ಕೆ ಲಗಾಮೂ ಇರಲಿಲ್ಲ, ಅಷ್ಟೆ.

ಅಜ್ಜಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ದಿನವಾಗಿತ್ತು. ಮಗ ಬಾಳೆಕಾಯಿ ಲಾರಿ ಓಡಿಸುತ್ತಿದ್ದ. ಕೇರಳದ ಕಡೆ ಹೊರಟರೆ ಮೂರು ದಿನ ಪತ್ತೆ ಇರುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ, ಸೊಸೆ ಇಬ್ಬರೇ. ಸೊಸೆ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅತ್ತೆ ಬಿದ್ದ ದಿನದಿಂದ ಅವಳು ಕೆಲಸಕ್ಕೆ ಹೋಗಿರಲಿಲ್ಲ. ದಸರಾ ರಜೆ ಮುಗಿಯುವ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಶಾಲೆಯವರು ಹೇಳಿ ಕಳಿಸಿದ್ದರು. ಅಷ್ಟರೊಳಗೆ ಅಜ್ಜಿ ಹಿತ್ತಿಲ ಬಚ್ಚಲಿಗೆ ತಾನೇ ಹೋಗಿ ಬರುವಂತಾಗಬೇಕಿತ್ತು. ಇಪ್ಪತ್ತು ಹೆಜ್ಜೆ, ಎರಡು ಮೆಟ್ಟಿಲು. ಅಷ್ಟಾದರೆ ಸೊಸೆಯ ಕೆಲಸ ಉಳಿಯುತ್ತಿತ್ತು, ಆಗದಿದ್ದರೆ ಇಲ್ಲ.

ಮಂಚವನ್ನು ನಡುಮನೆಯಲ್ಲಿ ಬೀದಿಬಾಗಿಲಿಗೆ ಎದುರಾಗಿ ಹಾಕಿದ್ದರು. ನೋಡಲು ಬರುವವರು ಬ್ರೆಡ್ಡು, ಕಿತ್ತಳೆಹಣ್ಣು ಹಿಡಿದು ಬೆಳಗಿನಿಂದ ಬರುತ್ತಲೇ ಇರುತ್ತಿದ್ದರು. ನನ್ನ ಸ್ಕೂಟರ್ ಸದ್ದು ಕೇಳಿದರಂತೂ ಇಬ್ಬರು ಮೂವರು ಹೆಂಗಸರು ಬಂದು ಗೋಡೆಗೊರಗಿ ಕೂರುತ್ತಿದ್ದರು. ಎದುರುಮನೆಯಾಕೆಯಂತೂ ಒಂದು ದಿನವೂ ತಪ್ಪಿಸಿದವಳಲ್ಲ. ಅವರ ನಡುವೆ ಅಜ್ಜಿ ಕತ್ತಿನವರೆಗೆ ಹೊದ್ದು ಮಲಗಿರುತ್ತಿದ್ದಳು. ಕುರ್ಚಿಯಿಂದ ಹತ್ತು ಸಲ ಎದ್ದು ಕೂತುಕೊಳ್ಳಿ ಎಂದರೆ ಮೂರಕ್ಕೇ ಸಾಕು ಎಂದು ಕೈಯಾಡಿಸುವಳು. ಆ ಮೂರನ್ನು ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದಳು. ಲಕ್ವದಿಂದ ಮಾತು ತಪ್ಪುತ್ತಿದೆ ಎಂದು ನಾನು ಪುಸ್ತಕದಲ್ಲಿ ಗಂಭೀರವಾಗಿ ಬರೆದುಕೊಂಡೆ. ಸೊಸೆ ನಗು ತಡೆದುಕೊಂಡು, ಕಣದಲ್ಲಿ ರಾಗಿ ಅಳೆಯುವಾಗ ಹಾಗೇ ಎಣಿಸುವುದು ಎಂದು ತಿಳಿಸಿದಳು.

ಒಂದು ವಿಚಿತ್ರವಿತ್ತು. ದಿನವಿಡೀ ಮಲಗಿರುವ ಅಜ್ಜಿಯ ಬಲಗಾಲು ವಾರದಿಂದ ವಾರಕ್ಕೆ ಗಟ್ಟಿಯಾಗುತ್ತಿತ್ತು. ಇದು ಹೇಗೆ ಎಂದು ನಾನು ಒಂದು ನಿಮಿಷ ಕೂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ನನ್ನ ಕೈಗುಣವೇ ಹಾಗೆ ಎಂದು ಬೀಗಿಕೊಂಡೆ.

ಒಂದು ಮಧ್ಯಾಹ್ನ ಹೋದಾಗ ಸೊಸೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅಜ್ಜಿಯ ಬಾಯಿಗಿಡುತ್ತಿದ್ದಳು. ಚೆಲ್ಲಿದರೂ ಪರವಾಗಿಲ್ಲ, ಬಲಗೈಯಲ್ಲೇ ಉಣ್ಣಲಿ ಎಂದು ನಾನು ಹತ್ತು ಸಲ ಹೇಳಿದ್ದೆ. ಎದುರುಮನೆಯಾಕೆ, ಇನ್ನಿಬ್ಬರು ಕೂತಿದ್ದರು. ನನಗೆ ರೇಗಿತು.

"ನಿಮ್ಮಿಂದಾನೇ ಇವರು ಹೀಗೆ ಮಲಗಿರೋದು," ಅಂದೆ. "ನೀವೇ ಇವರನ್ನ ಏಳೋಕೆ ಬಿಡ್ತಿಲ್ಲ."

ಸೊಸೆ ತಲೆ ಎತ್ತಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಅರ್ಥ ನನಗೆ ಅವತ್ತು ಆಗಲಿಲ್ಲ.

ಎರಡು ದಿನ ಬಿಟ್ಟು ಹೋದಾಗ ಊರಿಗೆಲ್ಲ ಸುದ್ದಿಯಾಗಿತ್ತು. ಬಸ್ ಸ್ಟಾಪಿನ ಹತ್ತಿರವೇ ಯಾರೋ ನಿಲ್ಲಿಸಿ, ಸೊಸೆ ಅತ್ತೆಯನ್ನು ಬೇಕಂತಲೇ ಮಲಗಿಸಿದ್ದಾಳಂತಲ್ಲ, ನೀವೇ ಹೇಳಿದಿರಂತೆ, ಎಂದು ಕೇಳಿದರು. ಮನೆಗೆ ಹೋದರೆ ಅಜ್ಜಿ ಸೊಸೆಯನ್ನು ಅಂಗಡಿಗೆ ಕಳಿಸಿದಳು, ಗೋಡೆಗೊರಗಿ ಕೂತವರಿಗೆ ಇವತ್ತು ಬಟ್ಟೆ ಬಿಚ್ಚಿ ನೋಡಬೇಕಂತೆ ಎಂದು ಸುಳ್ಳು ಹೇಳಿ ಹೊರಗೆ ಕಳಿಸಿದಳು, ನನಗೆ ಅಗುಳಿ ಹಾಕಲು ಹೇಳಿದಳು. ಆಮೇಲೆ ಹೊದಿಕೆ ಸರಿಸಿ, ಮಂಚದ ಅಂಚು ಹಿಡಿದು ಎದ್ದಳು. ವಾಕರ್ ಎಳೆದುಕೊಂಡಳು. ಅಡುಗೆಮನೆಯ ಬಾಗಿಲವರೆಗೆ ನಡೆದು, ತಿರುಗಿ, ಮಂಚಕ್ಕೆ ಬಂದು ಕೂತಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಉಸಿರು ಸುಧಾರಿಸಿಕೊಂಡು ನಿಧಾನವಾಗಿ ಹೇಳಿದಳು. ಆಸ್ಪತ್ರೆಯಿಂದ ಬಂದ ಮರುದಿನವೇ ಸೊಸೆ ಅವಳನ್ನು ಹಿಡಿದು ನಡೆಸಿದ್ದಳು. ಅದನ್ನು ಕಂಡ ಎದುರುಮನೆಯಾಕೆ, ಬಿದ್ದ ಜೀವವನ್ನು ಹೀಗೆ ಎಳೆದಾಡುತ್ತಾಳಲ್ಲ, ಕೆಲಸಕ್ಕೆ ಹೋಗಲು ಎಷ್ಟು ಆತುರ ನೋಡಿ, ಎಂದು ಬೀದಿಗೆ ಕೇಳುವಂತೆ ಆಡಿದ್ದಳು. ಸೊಸೆ ಅವತ್ತು ಉಣ್ಣಲಿಲ್ಲವಂತೆ. ಅಂದಿನಿಂದ ಇಬ್ಬರೂ ಸೇರಿ ಒಂದು ಉಪಾಯ ಮಾಡಿದ್ದರು. ಬಾಗಿಲು ತೆರೆದಿದ್ದಾಗ ಅಜ್ಜಿ ರೋಗಿ; ಮಧ್ಯಾಹ್ನ ಉಂಡು ಊರು ಮಲಗಿದಾಗ ಬಾಗಿಲು ಹಾಕಿಕೊಂಡು ನಾನು ಹೇಳಿದ ವ್ಯಾಯಾಮವೆಲ್ಲ.

"ನಾನು ನಡುದ್ರೆ ಅವ್ಳ್ಗೆ ಕೆಟ್ಟ ಎಸ್ರು. ಮಲಿಕ್ಕಂಡ್ರೆ ಅವ್ಳ ಕೆಲ್ಸ ಓಯ್ತದೆ," ಅಂದಳು ಅಜ್ಜಿ. "ಎರಡೂ ಆಗ್ದಂಗೆ ನೋಡ್ಕತಿದ್ದೊ. ನೀನು ಒಂದೇ ಮಾತ್ಗೆ ಎಲ್ಲಾ ಕೆಡ್ಸ್ಬುಟ್ಟೆ ಕಣಮ್ಮಿ."

ಗದರಿ ಹೇಳಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದಳು. ಅಷ್ಟರಲ್ಲಿ ಸೊಸೆ ಬಂದಳು. ತಪ್ಪಾಯಿತು ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಆದರೆ ಓದಿದವಳ ಬಿಗುಮಾನ ನೋಡಿ, ಬಡಪೆಟ್ಟಿಗೆ ಬಗ್ಗುವುದಿಲ್ಲ. ಹಿತ್ತಿಲ ಮೆಟ್ಟಿಲ ಅಳತೆ ನೋಡಬೇಕು ಎಂದು ಎದ್ದು ಹೋದೆ.

ಆಮೇಲಿನ ಎರಡು ವಾರ ನಾನೂ ಮಧ್ಯಾಹ್ನ ಆ ಹೊತ್ತಿಗೇ ಹೋಗುತ್ತಿದ್ದೆ, ಸ್ಕೂಟರನ್ನು ಶಾಲೆಯ ಹತ್ತಿರ ನಿಲ್ಲಿಸಿ ನಡೆದುಕೊಂಡು. ಮೂವರೂ ಬಾಗಿಲು ಹಾಕಿಕೊಂಡು ಕಳ್ಳರ ಹಾಗೆ ವ್ಯಾಯಾಮ ಮಾಡಿದೆವು. ಇಳಿಯುವಾಗ ಲಕ್ವ ಹೊಡೆದ ಸೊತ್ತಗಾಲು ಮೊದಲು, ಹತ್ತುವಾಗ ಗಟ್ಟಿಗಾಲು ಮೊದಲು. ಸೊಸೆ ಹಿಂದಿನಿಂದ ಸೆರಗಿನ ಗಂಟು ಹಿಡಿದುಕೊಂಡಿರುತ್ತಿದ್ದಳು. ಅಜ್ಜಿ ಮೊದಲ ಸಲ ಒಬ್ಬಳೇ ಬಚ್ಚಲಿಗೆ ಹೋಗಿ ಬಂದಾಗ ಸೊಸೆ ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಆ ಕಾಲಿಗೆ ತಿಕ್ಕಿದಳು. ಎಣ್ಣೆಯಿಂದ ಏನೂ ಆಗುವುದಿಲ್ಲ ಎಂದು ಹೇಳುವ ಚಪಲವನ್ನು ಕಷ್ಟಪಟ್ಟು ನುಂಗಿದೆ. ನನಗೂ ಅಷ್ಟು ಬುದ್ಧಿ ಬಂದಿತ್ತು.

ಶಾಲೆ ಶುರುವಾದ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಸೇರಿದ್ದರು. ಅಜ್ಜಿ ಬಾಗಿಲು ಪೂರ್ತಿ ತೆಗೆಸಿದಳು. ವಾಕರ್ ಹಿಡಿದು ಹೊಸ್ತಿಲು ದಾಟಿ ಜಗುಲಿಗೆ ಬಂದಳು. ನಾನು ಹಿಂದೆಯೇ ಇದ್ದೆ. ಕೊಡ ಹಿಡಿದವರೆಲ್ಲ ತಿರುಗಿ ನಿಂತರು. ಅಜ್ಜಿ ಕಂಬಕ್ಕೊರಗಿ ಕೂತು ಹೇಳಿದಳು:

"ನನ್ ಸೊಸೆ ಕೆಲ್ಸಕ್ ಓಯ್ತಾವ್ಳೆ. ಓಗು ಅಂದದ್ದು ನಾನೇ. ಯಾರ್ಗಾರ ಏನಾರ ಕೇಳೋದಿದ್ರೆ ನನ್ನ ಕೇಳಿ, ಇಲ್ಲೇ ಕುಂತಿರ್ತೀನಿ."

ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶಾಲೆಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಎದುರುಮನೆಯಾಕೆ ಬಂದು, ನನ್ನ ಮಂಡಿಯನ್ನೂ ಒಂದಿಷ್ಟು ನೋಡಿ ಡಾಕ್ಟ್ರಮ್ಮ, ಎಂದು ಕಾಲು ಚಾಚಿ ಕೂತಳು. ನೋಡಿದೆ, ಕೊಂಚ ಬಿಗಿಯಾಗಿಯೇ ಹಿಡಿದು ನೋಡಿದೆ.

ಮುಂದೆ ನನ್ನ ಮದುವೆಯಾಗಿ ಗುಂಡ್ಲುಪೇಟೆಗೆ ಬಂದೆ. ಸೊಸೆ ಯುಗಾದಿಗೆ, ಊರಹಬ್ಬಕ್ಕೆ ಫೋನು ಮಾಡುತ್ತಿದ್ದಳು. ಅತ್ತೆ ಊಟಕ್ಕೆ ಕರೆಯುತ್ತಿದ್ದಾರೆ, ಒಂದು ಸಲ ಬಂದು ಹೋಗಿ ಎನ್ನುವಳು. ಬರ್ತೀನಿ ಎನ್ನುತ್ತಿದ್ದೆ. ಹರವೆ ಏನು ಮಹಾ ದೂರ... ಹೋಗಲಿಲ್ಲ. ಕೆಲಸ, ಮಗು, ಮನೆ ಎಂದುಕೊಳ್ಳುತ್ತಲೇ ಎಂಟು ವರ್ಷ ಕಳೆಯಿತು.

ಕಂಡಕ್ಟರ್ ಮನೆಯಿಂದ ಹೊರಬಂದವಳೇ ಆ ನಂಬರಿಗೆ ಫೋನು ಮಾಡಿದೆ. ಸೊಸೆಯೇ ಎತ್ತಿದಳು. ಅಜ್ಜಿ ಕಾರ್ತಿಕದಲ್ಲಿ ತೀರಿಕೊಂಡಳಂತೆ. ಅವತ್ತೂ ತಾನೇ ಬಚ್ಚಲಿಗೆ ಹೋಗಿ ಬಂದು, ಹೊತ್ತಾಯಿತು ಹೋಗು ಎಂದು ಸೊಸೆಯನ್ನು ಶಾಲೆಗೆ ಕಳಿಸಿದ್ದಳು. ಅಲ್ಲಿ ಇವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಜನ ಕರೆಯಲು ಓಡಿಬಂದರಂತೆ. ಸಾವಿಗೆ ಬಂದ ನೆಂಟರಲ್ಲಿ ಯಾರೋ, ಸೊಸೆ ಬಿಟ್ಟು ಹೋಗಿದ್ದಳಾ ಎಂದು ರಾಗ ಎಳೆದಾಗ ಎದುರುಮನೆಯಾಕೆಯೇ ಮುಂದೆ ಬಂದು, ಓಗು ಅಂದದ್ದು ಅತ್ತೆನೇ, ದಿನಾ ನಮ್ಮ ಕಿವಿಯಲ್ಲೇ ಕೇಳಿದ್ದೇವೆ ಎಂದು ಅವರ ಬಾಯಿ ಮುಚ್ಚಿಸಿದಳಂತೆ.

ನಾನು ರಸ್ತೆಬದಿಯಲ್ಲಿ ನಿಂತೇ ಹೇಳಿದೆ: ಅವತ್ತು ಎಲ್ಲರ ಮುಂದೆ ನಿಮ್ಮನ್ನು ಅಂದುಬಿಟ್ಟೆ, ತಪ್ಪಾಯಿತು. ಸೊಸೆ ಅಂದಳು:

"ಅತ್ತೆಮ್ಮ ಇದ್ದಾಗ ಅಂದಿದ್ರೆ ಚೆನ್ನಾಗಿರೋದು ಮೇಡಂ. ನಿಮ್ಮ ಊಟಕ್ ಕರಿ ಕರಿ ಅಂತಿದ್ದದ್ದು ಅದ್ಕೇಯ. ಆ ಕೂಸು ಬಂದ್ರೆ ನಿಂಗೊಂದ್ ಮಾತ ಹೇಳೇ ಹೇಳ್ತದೆ ಅನ್ನೋರು."

ಮುಂದಿನ ಭಾನುವಾರ ಹರವೆಗೆ ಹೋದೆ. ಎದುರುಮನೆಯಾಕೆಯನ್ನೂ ಕರೆಸಿ, ಸೊಸೆಯ ಕೈ ಹಿಡಿದು, ಅವತ್ತಿನ ನನ್ನ ಮಾತು ಸುಳ್ಳು, ಅಜ್ಜಿಯನ್ನು ನಡೆಸಿದವಳು ಇವಳೇ ಎಂದೆ. ಇಬ್ಬರೂ ಕೇಳಿಸಿಕೊಂಡರು. ಎಂಟು ವರ್ಷ ಅದಕ್ಕೇ ಕಾದವಳಿಗೆ ಕೇಳಿಸಲಿಲ್ಲವಲ್ಲ ಎಂದು ನಾನು ಅಲ್ಲೇ ಕೂತು ಅತ್ತುಬಿಟ್ಟೆ.