ಅಚ್ಚಾಗದ ಬಡಿತಗಳು

ಬೈಪಾಸ್ ಆಪರೇಷನ್ ಆದ ಮೂರನೆಯ ದಿನ, ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಟೈಪಿಂಗ್ ಟೀಚರ್ ದಿಂಬಿಗೊರಗಿ, ಎಡಗೈ ನಾಡಿಯ ಮೇಲೆ ಬಲಗೈಯ ಮೂರು ಬೆರಳಿಟ್ಟು ಕಣ್ಣು ಮುಚ್ಚಿದ್ದರು.

"ಏನಕ್ಕಾ, ಇಲ್ಲೂ ಕ್ಲಾಸ್ ಶುರು ಮಾಡಿದ್ಯಾ?" ಎಂದ ಪಕ್ಕದಲ್ಲಿ ಕುಳಿತಿದ್ದ ತಮ್ಮ.

"ಸುಮ್ನಿರೋ. ಒಳಗೆ ಯಾರೋ ತಪ್ಪು ಹೊಡೀತಿದ್ದಾರೆ."

ಮೂವತ್ತೊಂದು ವರ್ಷ ಅವರು ತರಗತಿಗೆ ಬೆನ್ನು ಮಾಡಿ ನಿಂತು ಕಲಿಸಿದವರು. ಹನ್ನೆರಡು ಯಂತ್ರಗಳು ಒಟ್ಟಿಗೆ ಗದ್ದಲವೆಬ್ಬಿಸುತ್ತಿದ್ದರೂ, ಯಾರ ಕಿರುಬೆರಳು ತಡವರಿಸಿತೆಂದು ತಿರುಗಿ ನೋಡದೆ ಹೇಳುತ್ತಿದ್ದರು.

ಎದೆಗೆ ಅಂಟಿಸಿದ್ದ ತಂತಿಗಳನ್ನು ಅಂದು ಬೆಳಿಗ್ಗೆಯಷ್ಟೇ ತೆಗೆದಿದ್ದರು. ಕರೆದಾಗ ಬಂದ ನರ್ಸ್ ಬೆರಳಿಗೆ ಕ್ಲಿಪ್ ಸಿಕ್ಕಿಸಿದಳು.

"ನಾಡಿ ತೊಂಬತ್ತಾರು. ಚೆನ್ನಾಗೇ ಇದೆ ಟೀಚರ್, ಮಲಗಿ."

"ಲೆಕ್ಕ ಚೆನ್ನಾಗಿರಬಹುದಮ್ಮಾ, ಲಯ ಕೆಟ್ಟಿದೆ. ಎರಡು ಬೇಗ, ಒಂದು ತಡ, ಆಮೇಲೆ ಖಾಲಿ. ಕೀಲಿ ಒತ್ತಿದ ಹಾಗಿದೆ, ಅಕ್ಷರ ಮೂಡ್ತಿಲ್ಲ."

"ಆಪರೇಷನ್ ಆದ್ಮೇಲೆ ಹಾಗನ್ನಿಸುತ್ತೆ."

"ಅನ್ನಿಸ್ತಿಲ್ಲ, ಕೈಗೇ ಸಿಗ್ತಿದೆ. ನೀನೇ ಬೆರಳಿಟ್ಟು ನೋಡು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಹಾಗಿಲ್ಲ. ಪೂರ್ತಿ ಒಂದು ನಿಮಿಷ."

"ನೋಡಿಬಿಡಿ ಸಿಸ್ಟರ್," ಎಂದ ತಮ್ಮ. "ಇವರ ಕೈಲಿ ಮೂರು ಸಲ ಫೇಲಾದೋನು ನಾನು. ಒಂದು ಸಲಾನೂ ಇವರು ತಪ್ಪು ಹೇಳಿರಲಿಲ್ಲ."

ನರ್ಸ್ ನಗುತ್ತಲೇ ಮಣಿಕಟ್ಟು ಹಿಡಿದಳು. ಇಪ್ಪತ್ತನೆಯ ಸೆಕೆಂಡಿಗೆ ನಗು ಇಂಗಿತು. ನಿಮಿಷ ತುಂಬುತ್ತಿದ್ದಂತೆ ಇಸಿಜಿ ಯಂತ್ರ ತರಲು ಓಡಿದಳು.

ಹೃದಯ ಬಡಿಯುತ್ತಿದ್ದುದು ನಿಮಿಷಕ್ಕೆ ನೂರ ಮೂವತ್ತೆಂಟು ಸಲ, ಅದೂ ತಾಳ ತಪ್ಪಿ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಬಡಿತಗಳು ಬೆರಳ ತುದಿಯನ್ನು ಮುಟ್ಟುವಷ್ಟು ಬಲವಿಲ್ಲದೆ ದಾರಿಯಲ್ಲೇ ಸೋತಿದ್ದವು. ಕ್ಲಿಪ್ ಎಣಿಸಿದ್ದು ಮುಟ್ಟಿದವನ್ನು ಮಾತ್ರ.

"ಬೈಪಾಸ್ ಆದವರಿಗೆ ಮೊದಲ ಕೆಲವು ದಿನಗಳಲ್ಲಿ ಇದು ಅಪರೂಪವೇನಲ್ಲ," ಎಂದರು ಡಾಕ್ಟರು. "ಹೃದಯದ ಮೇಲಿನ ಕೋಣೆಗಳು ಹಿಂಡೋದು ಬಿಟ್ಟು ನಡುಗುತ್ತವೆ. ಹಾಗೇ ಬಿಟ್ಟರೆ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಕೈಕಾಲು, ಮಾತು ಎಲ್ಲ ಹೋಗಬಹುದು. ಬೇಗ ಹಿಡಿದಿರಿ."

ಟೀಚರ್ ತಮ್ಮ ಹತ್ತು ಬೆರಳುಗಳನ್ನೂ ಒಮ್ಮೆ ನೋಡಿಕೊಂಡರು. ಅಷ್ಟರಲ್ಲಿ ಎದೆಯ ತಂತಿಗಳು ಮರಳಿ ಬಂದಿದ್ದವು, ಔಷಧಿ ಹನಿಹನಿಯಾಗಿ ಇಳಿಯತೊಡಗಿತ್ತು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರು ಬಂದವರೇ ಮಾನಿಟರನ್ನು ಗೋಡೆಯ ಕಡೆ ತಿರುಗಿಸಿದರು.

"ಈಗ ನೀವೇ ಹೇಳಿ ಟೀಚರ್, ಎಷ್ಟು?"

ಅವರು ಗಡಿಯಾರ ನೋಡುತ್ತ, ನಾಡಿ ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಿದರು.

ಆ ನರ್ಸ್ ಈಗ ವಾರ್ಡಿನ ಮುಖ್ಯಸ್ಥೆ. ಹೊಸಬರಿಗೆಲ್ಲ ನಾಡಿಯನ್ನು ಪೂರ್ತಿ ನಿಮಿಷ ಹಿಡಿಸುತ್ತಾಳೆ. ಯಾಕೆಂದು ಕೇಳಿದವರಿಗೆ ಈ ಕತೆ ಹೇಳಿ, ಕೊನೆಗೆ ಡಾಕ್ಟರು ಮಾನಿಟರನ್ನು ಮತ್ತೆ ಈಚೆ ತಿರುಗಿಸಿದಾಗ ಪರದೆಯ ಮೇಲೂ ಕಂಡದ್ದು ಟೀಚರ್ ಹೇಳಿದ ಅಂಕಿಯೇ ಎನ್ನುತ್ತಾಳೆ: "ಎಪ್ಪತ್ತನಾಲ್ಕು. ಒಂದೂ ತಪ್ಪಿಲ್ಲದೆ, ಎಪ್ಪತ್ತನಾಲ್ಕು."